ಹರ್ನಿಯಾ, ಜೀರಿಗೆ ನೀರು ಇತ್ಯಾದಿ ಸುಳ್ಳುಗಳು

ಮೊನ್ನೆ ಜಮಖಂಡಿಯ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದಾಗ ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳು ನನ್ನ ಕೈಚೀಲವನ್ನು ಮುಟ್ಟಿ ನೋಡಿ, "ಅರಿವಿ ಭಾಳ ಗಟ್ಟಿ ಐತಲ್ರಿ, ಎಲ್ಲಿ ತಗೊಂಡ್ರಿ?" ಎಂದು ಕೇಳಿದಳು. "ಮನ್ಯಾಗ ಹೊಲಿದದ್ದವ್ವಾ" ಎಂದು ಹೇಳಿ ಜಾರಿಕೊಂಡೆ. ಪೂರ್ತಿ ಸತ್ಯ ಹೇಳಿದ್ದರೆ ಆಕೆ ಕೈ ತೊಳೆದುಕೊಳ್ಳಲು ನೀರು ಹುಡುಕುತ್ತಿದ್ದಳೋ ಏನೋ. ಆ ಚೀಲ ನನ್ನ ಹಳೆಯ ಪ್ಯಾಂಟಿನ ಎಡಗಾಲು. ಬಲಗಾಲು ಮನೆಯಲ್ಲಿದೆ, ಗಿರಣಿಗೆ ಒಯ್ಯುವ ಜೋಳವನ್ನು ಹೆಂಡತಿ ಸುಮಿತ್ರಾ ಅದರಲ್ಲಿ ತುಂಬುತ್ತಾಳೆ. ಎರಡೂ ಕಾಲು ಕೂಡುವಲ್ಲಿದ್ದ ವಿಶಾಲವಾದ ಮಧ್ಯಪ್ರದೇಶವನ್ನು ಬಿಡಿಸಿ ಮಿಕ್ಸರಿಗೆ ಗವಸು ಮಾಡಿದ್ದಾಳೆ. ಒಂದು ಪ್ಯಾಂಟಿನಲ್ಲಿ ಅರ್ಧ ಅಡಿಗೆಮನೆ ಸಾಗುತ್ತದೆ ಎಂದರೆ ಅದರೊಳಗಿದ್ದ ಮನುಷ್ಯ ಎಷ್ಟಿದ್ದ ಎಂದು ನೀವೇ ಅಂದಾಜು ಮಾಡಬಹುದು. ಅಂದಾಜು ಯಾಕೆ, ನಾನೇ ಹೇಳಿಬಿಡುತ್ತೇನೆ: ನೂರಾ ಮೂವತ್ತೆಂಟು ಕಿಲೋ.

ಒಮ್ಮೆಲೇ ಆದದ್ದಲ್ಲ ಅದು. ಚಿಕ್ಕಂದಿನಿಂದ ಕಷ್ಟಪಟ್ಟು, ಅಂದರೆ ಇತರರು ಕಷ್ಟಪಟ್ಟು ಅಡಿಗೆ ಮಾಡಿ, ನಾನು ಇಷ್ಟಪಟ್ಟು ತಿಂದು ಗಳಿಸಿದ್ದು. ನಮ್ಮ ಅಜ್ಜಿಗೆ ಮೊಮ್ಮಕ್ಕಳ ಎಲುಬು ಕಂಡರೆ ಮನೆತನದ ಮರ್ಯಾದೆ ಹೋದಂತೆ. ಶೇಂಗಾ ಹೋಳಿಗೆ ಮಾಡಿದ ದಿನ ಮಿಕ್ಕವರಿಗೆಲ್ಲ ಎಣಿಸಿ ಹಾಕಿ, ನನ್ನ ತಾಟಿಗೆ ಮಾತ್ರ ಎಣಿಸದೆ ಹಾಕುತ್ತಿದ್ದಳು. "ಎಣಿಸಿದ್ರ ದೃಷ್ಟಿ ಆಗ್ತದ" ಎನ್ನುವುದು ಅವಳ ಶಾಸ್ತ್ರ. ಚಳಿಗಾಲದಲ್ಲಿ ಮುಧೋಳದ ಕಡೆ ನಮ್ಮ ಸೋದರಮಾವನ ಊರಿಗೆ ಹೋದರೆ ಬೆಲ್ಲದ ಗಾಣದಲ್ಲಿ ಬಿಸಿ ಬಿಸಿ ಬೆಲ್ಲವನ್ನು ಕಬ್ಬಿನ ಸಿಬಿರಿಗೆ ಸುತ್ತಿ ಕೊಡುತ್ತಿದ್ದರು. ಮಿಕ್ಕ ಮಕ್ಕಳು ಒಂದು ಸಿಬಿರು ನೆಕ್ಕಿ ಆಟಕ್ಕೆ ಓಡಿದರೆ, ನಾನು ಕೊಪ್ಪರಿಗೆಯ ಪಕ್ಕದಲ್ಲೇ ಕುಳಿತು ಬೆಲ್ಲ ಮಾಡುವ ವಿಧಾನವನ್ನು ಅಭ್ಯಾಸ ಮಾಡುತ್ತಿದ್ದೆ. ಸಾಲೆಯಲ್ಲಿ ನನ್ನ ಹೆಸರು ವಸಂತ ಎಂಬುದು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಮಿಕ್ಕವರಿಗೆ ನಾನು 'ಲಾರಿ'. ಹಿಂದಿನಿಂದ ಬಂದು ಹಾರ್ನ್ ಹೊಡೆಯುವುದು ಹುಡುಗರ ವಾಡಿಕೆ. ನಾನೂ ಪಕ್ಕಕ್ಕೆ ಸರಿದು ಸೈಡ್ ಕೊಡುತ್ತಿದ್ದೆ.

ಮುಂದೆ ಜಮಖಂಡಿಯ ಕೋರ್ಟಿನಲ್ಲಿ ನೌಕರಿ ಸಿಕ್ಕಿ, ಬೆಂಚ್ ಕ್ಲಾರ್ಕ್ ಆದೆ. ನ್ಯಾಯಾಧೀಶರ ಕೆಳಗೆ ಕುಳಿತು ಕಾಗದಪತ್ರ ಒದಗಿಸುವುದು, ಸಾಕ್ಷಿ ಹೇಳುವವರಿಂದ 'ಸತ್ಯವನ್ನೇ ಹೇಳುತ್ತೇನೆ' ಎಂದು ಪ್ರಮಾಣ ಮಾಡಿಸುವುದು ನನ್ನ ಕೆಲಸ. ಅಷ್ಟರಲ್ಲಿ ವಿಜಾಪುರ ಜಿಲ್ಲೆಯನ್ನು ಒಡೆದು ನಮ್ಮನ್ನು ಬಾಗಲಕೋಟೆಗೆ ಹಾಕಿದರು. ಮುಂದಿನ ಹತ್ತು ವರ್ಷ ಹೀಗೆ ಕಳೆಯಿತು: ಜಿಲ್ಲೆ ಸಣ್ಣದಾಯಿತು, ನಾನು ದೊಡ್ಡವನಾದೆ. ಸಕ್ಕರೆ ಕಾಯಿಲೆ ಬಂತು, ಬಿಪಿ ಬಂತು, ಎರಡೂ ಮೊಣಕಾಲು ನನ್ನನ್ನು ಹೊರಲಾರೆವೆಂದು ಅರ್ಜಿ ಹಾಕಿದವು.

ಆದರೂ ನನಗೆ ಬುದ್ಧಿ ಬಂದದ್ದು ಕಾಯಿಲೆಯಿಂದಲ್ಲ, ಒಂದು ಅಲಮಾರಿನಿಂದ. ನ್ಯಾಯಪೀಠದ ಕಟ್ಟೆಗೂ ಕಡತದ ಅಲಮಾರಿಗೂ ನಡುವೆ ಒಂದು ಸಂದಿಯಿತ್ತು. ದಿನಾ ಅಡ್ಡಲಾಗಿ, ಉಸಿರು ಬಿಗಿಹಿಡಿದು ದಾಟುತ್ತಿದ್ದೆ. ಒಂದು ದಿನ ವಿಚಾರಣೆ ನಡೆದಿರುವಾಗಲೇ ಅರ್ಧ ದಾಟಿ ಸಿಕ್ಕಿಕೊಂಡೆ. ಮುಂದೆ ಹೋಗಲಾರೆ, ಹಿಂದೆ ಬರಲಾರೆ. ಸಾಕ್ಷಿಕಟ್ಟೆಯಲ್ಲಿದ್ದವನು ಹೇಳುತ್ತಿದ್ದುದನ್ನು ಬಿಟ್ಟು ನನ್ನನ್ನೇ ನೋಡತೊಡಗಿದ. ನ್ಯಾಯಾಧೀಶರು ಸಭ್ಯರು, ಪೆನ್ನು ಕೆಳಗಿಟ್ಟು ಕಿಟಕಿಯ ಕಡೆ ಮುಖ ಮಾಡಿದರು. ಕೊನೆಗೆ ವಾದಿಯ ವಕೀಲರು ಒಂದು ಕೈ, ಪ್ರತಿವಾದಿಯ ವಕೀಲರು ಒಂದು ಕೈ ಹಿಡಿದು ನನ್ನನ್ನು ಎಳೆದು ತೆಗೆದರು. ಮೂವತ್ತು ವರ್ಷದ ನೌಕರಿಯಲ್ಲಿ ಅವರಿಬ್ಬರೂ ಒಂದೇ ಕಡೆ ಎಳೆದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಅಂಗಿ ಬಿಚ್ಚಿದಾಗ ಎದೆಯ ಮೇಲೆ ಅಲಮಾರಿನ ಹಿಡಿಕೆಯ ಗುರುತು ಮೂಡಿತ್ತು. ಅದನ್ನು ನೋಡುತ್ತ ನಿಂತವನಿಗೆ ನಗು ಬರಲಿಲ್ಲ. ಆ ವಾರವೇ ನಮ್ಮ ಡಾಕ್ಟರು, "ಹುಬ್ಬಳ್ಳಿಯೊಳಗ ತೂಕ ಇಳಿಸೋ ಆಪರೇಷನ್ ಮಾಡ್ತಾರ, ನೋಡ್ರಿ" ಎಂದು ಚೀಟಿ ಬರೆದುಕೊಟ್ಟರು. ಹೊಟ್ಟೆಯನ್ನು ಸಣ್ಣ ಚೀಲದಷ್ಟು ಮಾಡಿ ಕರುಳಿಗೆ ಅಡ್ಡದಾರಿ ಜೋಡಿಸುತ್ತಾರಂತೆ ಎಂದು ಸುಮಿತ್ರಾಗೆ ವಿವರಿಸಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಹೊಟ್ಟಿ ಕೊಯ್ಸೋದಕಿಂತ ಬಾಯಿ ಹೊಲಿಸಿಕೊಂಡ್ರ ಅಗ್ಗ ಆಗ್ತದಲ್ಲಾ?" ಎಂದಳು. ಆಮೇಲೆ ಅವಳೇ ಬ್ಯಾಗು ತುಂಬಿದಳು.

ಹುಬ್ಬಳ್ಳಿಯ ಆಸ್ಪತ್ರೆಯ ವರಾಂಡದಲ್ಲಿ ಮೂರು ಸೀಟಿನ ಒಂದು ಕಬ್ಬಿಣದ ಬೆಂಚು. ನಾನು ಹೋದಾಗ ಅದರ ಮೇಲೆ ಬಿಳಿ ಜುಬ್ಬಾದ ಒಬ್ಬರು ಕುಳಿತಿದ್ದರು. ಒಬ್ಬರೇ ಕುಳಿತಿದ್ದರೂ ಬೆಂಚಿನ ತುಂಬ ಕುಳಿತಂತಿತ್ತು. ನಾನು ಉಳಿದದ್ದರಲ್ಲಿ ತುರುಕಿಕೊಂಡೆ. ಬೆಂಚು ನರಳಿತು. ಅಷ್ಟರಲ್ಲಿ ನಮ್ಮಷ್ಟೇ ಗಾತ್ರದ ಹೆಂಗಸೊಬ್ಬಳು ಬಂದು, ನಮ್ಮಿಬ್ಬರ ನಡುವಿನ ನಾಲ್ಕು ಬೆರಳಿನ ಜಾಗವನ್ನು ದಿಟ್ಟಿಸಿ, "ಸ್ವಲ್ಪ ಸರೀರಿ" ಎಂದಳು.

ಜುಬ್ಬಾದವರು ನನ್ನ ಕಡೆ ನೋಡಿ, "ಸರಿಯಾಕ ಜಾಗಾ ಇದ್ರ ನಾವು ಇಲ್ಲಿಗ್ಯಾಕ ಬರ್ತಿದ್ವಿ ತಂಗೀ?" ಎಂದರು.

ಮೂವರೂ ನಕ್ಕೆವು. ಮೂವರು ನಕ್ಕ ಭಾರಕ್ಕೆ ಬೆಂಚಿನ ಒಂದು ಕಾಲು ಸೊಟ್ಟಗಾಯಿತು. ಮೂವರೂ ಒಟ್ಟಿಗೆ ಎದ್ದು, ಗೋಡೆಗೆ ಒರಗಿ ನಿಂತು, ತಮಗೂ ಬೆಂಚಿಗೂ ಏನೂ ಸಂಬಂಧವಿಲ್ಲದವರಂತೆ ಮುಖ ಮಾಡಿಕೊಂಡೆವು. ನಮ್ಮ ಸ್ನೇಹ ಹೀಗೆ ಸರಕಾರಿ ಭಾಷೆಯಲ್ಲಿ ಹೇಳುವುದಾದರೆ ಆಸ್ತಿ ಹಾನಿಯಿಂದ ಪ್ರಾರಂಭವಾಯಿತು.

ಜುಬ್ಬಾದವರು ಚನ್ನಪ್ಪ, ಬನಹಟ್ಟಿಯವರು. ಅವರ ತಂದೆ ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಇವರು ಎಂಟು ಪವರ್‌ಲೂಮ್ ಹಾಕಿ, ನೂಲಿನ ವ್ಯಾಪಾರವನ್ನೂ ಮಾಡುತ್ತಿದ್ದರು. ಹೆಂಗಸು ಮಹಾನಂದಾ, ಬೀಳಗಿ ತಾಲೂಕಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಗಂಡ ತೀರಿಹೋಗಿ ಮಗಳೊಬ್ಬಳನ್ನು ಓದಿಸುತ್ತಿದ್ದಳು. ಒಂದೇ ವಾರದಲ್ಲಿ ಮೂವರಿಗೂ ಆಪರೇಷನ್ ಆಯಿತು. ಸಲಾಯಿನ್ ಬಾಟಲಿಯ ಕಂಬ ಉರುಳಿಸಿಕೊಂಡು ವರಾಂಡದಲ್ಲಿ ಮೂವರೂ ಸಾಲಾಗಿ ನಡೆಯುವಾಗ ಚನ್ನಪ್ಪ ಹಿಂದೆ ತಿರುಗಿ, "ವಸಂತರಾವ್, ಬರ್ರಿ ಬರ್ರಿ, ಕಬ್ಬಿನ ಟ್ರ್ಯಾಕ್ಟರ್ ಸಮೀರವಾಡಿ ಸಕ್ರಿ ಫ್ಯಾಕ್ಟರಿಗೆ ಹೊಂಟಾಂಗ ಹೊಂಟೇವಿ" ಎನ್ನುತ್ತಿದ್ದರು. ನಕ್ಕರೆ ಹೊಲಿಗೆ ನೋಯುತ್ತಿತ್ತು. ನಗಿಸಬೇಡಿರೆಂದು ಕೈಮುಗಿದರೆ ಅದಕ್ಕೂ ಒಂದು ಮಾತು ಹೇಳುತ್ತಿದ್ದರು.

ಮನೆಗೆ ಕಳಿಸುವ ದಿನ ಡಾಕ್ಟರು ನಮ್ಮನ್ನು ಒಟ್ಟಿಗೆ ಕೂರಿಸಿ ಹೇಳಿದರು: "ನನ್ನ ಕೆಲಸ ಎರಡು ತಾಸಿಂದು, ಮುಗೀತು. ನಿಮ್ಮದು ಇವತ್ತಿನಿಂದ ಶುರು, ಜೀವ ಇರೋತನಕ. ಈ ಹೊಟ್ಟೆ ಇನ್ನು ಊಟದಿಂದ ಎಲ್ಲಾ ಸತ್ವ ಹೀರಿಕೊಳ್ಳೋದಿಲ್ಲ. ವಿಟಮಿನ್ ಗುಳಿಗೆ, ಇಂಜೆಕ್ಷನ್, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ. ಇವನ್ನ ಬಿಟ್ಟರೆ ತೂಕ ಇಳಿದು ಉಪಯೋಗ ಇಲ್ಲ." ಮೂವರೂ ಒಳ್ಳೆಯ ವಿದ್ಯಾರ್ಥಿಗಳಂತೆ ತಲೆಯಾಡಿಸಿದೆವು. ಮಹಾನಂದಾ ಮಾತ್ರ ಬರೆದುಕೊಂಡಳು.

ಆಮೇಲೆ ಒಂದು ಒಪ್ಪಂದವಾಯಿತು. ಪ್ರತಿ ತಿಂಗಳ ಮೊದಲ ರವಿವಾರ ಬನಹಟ್ಟಿಯಲ್ಲಿ ಚನ್ನಪ್ಪನವರ ನೂಲಿನ ಗೋದಾಮಿನಲ್ಲಿ ಸೇರುವುದು, ನೂಲಿನ ಗಂಟು ತೂಗುವ ತಕ್ಕಡಿಯ ಮೇಲೆ ಒಬ್ಬೊಬ್ಬರೇ ನಿಲ್ಲುವುದು. ಚಪ್ಪಲಿ, ಮೊಬೈಲು, ಕೀಲಿಕೈ ಎಲ್ಲ ಕೆಳಗಿಡಬೇಕು. ಮೊದಲ ತಿಂಗಳು ನಾನು ಕನ್ನಡಕವನ್ನೂ ತೆಗೆದಿಟ್ಟು ನಿಂತೆ. ಹಾಗಾಗಿ ನನ್ನ ತೂಕ ಎಷ್ಟಿತ್ತೆಂದು ನನಗೇ ಕಾಣಲಿಲ್ಲ. ಪಕ್ಕದ ಕೋಣೆಯಲ್ಲಿ ಎಂಟು ಮಗ್ಗ ಖಟಪಟ ಎನ್ನುತ್ತಿದ್ದರೆ ನಾವು ಕೂಗಿ ಕೂಗಿ ಮಾತಾಡುತ್ತಿದ್ದೆವು. ಹೀಗಾಗಿ ನಮ್ಮ ಹೊಟ್ಟೆಯ ಗುಟ್ಟುಗಳೆಲ್ಲ ಗಟ್ಟಿ ದನಿಯಲ್ಲೇ ಹೊರಬಿದ್ದವು; ಮಗ್ಗದ ಸಪ್ಪಳದಲ್ಲಿ ಬೇರೆಯವರಿಗೆ ಕೇಳಲಿಲ್ಲ.

ತೂಕ ಇಳಿಯಿತು ನೋಡಿ! ತಿಂಗಳಿಗೊಂದು ಗಂಟು ನೂಲಿನಂತೆ ಇಳಿಯಿತು. ಮಹಾನಂದಾಳ ಮಗಳ ಮದುವೆಯಲ್ಲಿ ಮೂವರಿಗೂ ಸೇರಿ ಒಂದೇ ಎಲೆ ಹಾಕಿಸಿಕೊಂಡು, ಅದರಲ್ಲೂ ಅರ್ಧ ಮಿಗಿಸಿದೆವು. ಬಡಿಸುವವರು, "ಯಾಕ್ರಿ, ಅಡಿಗಿ ಚಲೋ ಆಗಿಲ್ಲೇನು?" ಎಂದು ಅಳುಮೋರೆ ಮಾಡಿದರು. ಇನ್ನೊಂದು ಸಲ ನೆಂಟರ ಮನೆಯಲ್ಲಿ ಹಳೆಯ ಪ್ರೀತಿಗೆ ಸೋತು ಒಂದು ಶೇಂಗಾ ಹೋಳಿಗೆ ತಿಂದೆ. ಐದು ನಿಮಿಷದಲ್ಲಿ ಮೈಯೆಲ್ಲ ಬೆವೆತು, ಎದೆ ಡವಗುಟ್ಟಿ, ಆ ಮನೆಯ ತಣ್ಣನೆಯ ಕಡಪಾ ಕಲ್ಲಿನ ಮೇಲೆ ಅಂಗಾತ ಮಲಗಿದೆ. ಗಾಬರಿಯಿಂದ ಮಹಾನಂದಾಗೆ ಫೋನು ಹಚ್ಚಿದೆ.

"ಎಷ್ಟ ತಿಂದ್ರಿ?"

"ಅರ್ಧಾ."

"ಖರೆ ಹೇಳ್ರಿ."

"ಒಂದು."

"ಈ ಹೊಟ್ಟಿ ಸಿಹಿ ತಡಿಯಂಗಿಲ್ಲ, ಹಂಗ ಮಕ್ಕೊಂಡಿರ್ರಿ. ಅರ್ಧಾ ತಾಸಿಗೆ ಹೋಗತೈತಿ. ಹೋಳಗಿ ನಿಮ್ಮನ್ನ ಬಿಟ್ರೂ ನೀವು ಹೋಳಗಿ ಬಿಡಂಗಿಲ್ಲಲ್ಲ!"

ಇಂಥ ಬೈಗುಳಕ್ಕಾಗಿಯೇ ನಾವು ಒಬ್ಬರಿಗೊಬ್ಬರು ಬೇಕಾಗಿದ್ದೆವು. ಮನೆಯವರಿಗೆ ನಮ್ಮ ಹಸಿವು ಅರ್ಥವಾಗುತ್ತಿರಲಿಲ್ಲ. ಹೊಟ್ಟೆ ತುಂಬಿದ್ದರೂ ತಲೆಯೊಳಗೆ ಒಂದು ಹಸಿವು ಕುಳಿತಿರುತ್ತದೆ. ಅದನ್ನು ಯಾವ ಡಾಕ್ಟರೂ ಕೊಯ್ದು ತೆಗೆದಿರುವುದಿಲ್ಲ. ಅದು ಎದ್ದಾಗ ನಾನು ಬನಹಟ್ಟಿಗೆ ಫೋನು ಮಾಡುತ್ತಿದ್ದೆ. ಚನ್ನಪ್ಪ, "ನನಗೂ ಈಗ ಮಿರ್ಚಿ ಭಜಿ ನೆನಪಾಗಾಕತ್ತೈತ್ರಿ. ಇಬ್ಬರೂ ಮಾತಾಡಕೋತ ಇರೂಣು, ಅಷ್ಟರಾಗ ಭಜಿ ಅಂಗಡಿ ಮುಚ್ಚತಾನ" ಎನ್ನುತ್ತಿದ್ದರು.

ಇನ್ನು ಸುಳ್ಳುಗಳ ಮಾತಿಗೆ ಬರುತ್ತೇನೆ. ಕೋರ್ಟಿನಲ್ಲಿ ನಾನು ಹರ್ನಿಯಾ ಆಪರೇಷನ್ ಎಂದು ರಜೆ ಹಾಕಿದ್ದೆ. ತೂಕ ಇಳಿಸಲು ಹೊಟ್ಟೆ ಕೊಯಿಸಿಕೊಂಡೆ ಎಂದರೆ ತಿನ್ನುವುದನ್ನು ಬಿಡಲಾಗದ ಹೇಡಿ ಎನ್ನುತ್ತಾರೆಂಬ ಅಂಜಿಕೆ. ದಿನಕ್ಕೆ ಹತ್ತು ಜನರಿಂದ ಸತ್ಯದ ಪ್ರಮಾಣ ಮಾಡಿಸುವ ಬಾಯಿಂದಲೇ ಹರ್ನಿಯಾದ ವರ್ಣನೆ ಮಾಡುತ್ತಿದ್ದೆ. ಹರ್ನಿಯಾ ಆದವರು ಯಾರಾದರೂ ಬಂದು ಅನುಭವ ಹಂಚಿಕೊಂಡರೆ ನಾನೂ ಒಂದೆರಡು ಅನುಭವ ಹಂಚುತ್ತಿದ್ದೆ.

ಚನ್ನಪ್ಪನವರದು ಇನ್ನೂ ದೊಡ್ಡ ವ್ಯವಹಾರ. ಬನಹಟ್ಟಿಗೆ ಮರಳಿದ ಹೊಸತರಲ್ಲಿ ಯಾರೋ, "ಹ್ಯಾಂಗ ಇಳದ್ರಿ ಧಣಿ?" ಎಂದು ಕೇಳಿದ್ದಾರೆ. ಕೈಯಲ್ಲಿ ಜೀರಿಗೆ ನೀರಿನ ಲೋಟ ಇತ್ತು. "ಇದ ನೋಡು, ಜೀರಗಿ ನೀರ" ಎಂದುಬಿಟ್ಟಿದ್ದಾರೆ. ಅಷ್ಟೇ. ರಬಕವಿ, ಬನಹಟ್ಟಿ, ತೇರದಾಳದ ತನಕ ಸುದ್ದಿ ಹಬ್ಬಿತು. ಜನ ಗೋದಾಮಿಗೆ ಬಂದು ಎಷ್ಟು ಜೀರಿಗೆ, ಎಷ್ಟು ನೀರು ಎಂದು ಕೇಳತೊಡಗಿದರು. ಚನ್ನಪ್ಪ ಮೊದಮೊದಲು ನಾಚಿದರು, ಆಮೇಲೆ ರುಚಿ ಹತ್ತಿತು. ಬರಿಹೊಟ್ಟೆಯಲ್ಲಿ ಕುಡಿಯಬೇಕು, ಪೂರ್ವಕ್ಕೆ ಮುಖ ಮಾಡಬೇಕು, ಜೀರಿಗೆ ಹುರಿಯುವಾಗ ಮಾತಾಡಬಾರದು ಎಂದೆಲ್ಲ ತಿಂಗಳಿಗೊಂದು ನಿಯಮ ಸೇರಿಸಿದರು. ಮಗ ನೂಲಿನ ಖರೀದಿಗೆ ಹುಬ್ಬಳ್ಳಿಗೆ ಹೋಗಿದ್ದನೆಂದೇ ನಂಬಿದ್ದ ಅವರ ತಾಯಿ ಗೌರವ್ವ, ಮಗನ ಮೇಲಿನ ಅಭಿಮಾನಕ್ಕೆ ತಾವೂ ದಿನಾ ಒಂದು ಚರಿಗೆ ಕುಡಿಯತೊಡಗಿದರು.

ಮಹಾನಂದಾ ಒಬ್ಬಳೇ ಇದ್ದದ್ದನ್ನು ಇದ್ದಂತೆ ಹೇಳಿದವಳು. ಕೇಳಿದವರಿಗೆಲ್ಲ, "ಆಪರೇಷನ್ ಮಾಡಿಸಿಕೊಂಡೇನ್ರಿ" ಎಂದಳು. "ಹೊಟ್ಟಿ ಕಟ್ಟಲಾರದಾಕಿ ಹೊಟ್ಟಿ ಕೊಯಿಸಿಕೊಂಡ್ಳು" ಎಂಬ ಮಾತು ಅವಳ ಹಿಂದೆ ವರ್ಷಗಟ್ಟಲೆ ಓಡಾಡಿತು. ಅವಳ ಅತ್ತಿಗೆಯೇ ಮದುವೆಮನೆಯಲ್ಲಿ ಹಾಗೆ ಅಂದದ್ದನ್ನು ನಾವು ಕೇಳಿದ್ದೆವು. ಅವಳು ಕಿವಿಗೆ ಹಾಕಿಕೊಳ್ಳದೆ ಬಡಿಸುತ್ತಿದ್ದಳು. ನಮ್ಮಿಬ್ಬರ ಸುಳ್ಳುಗಳನ್ನು ಕೇಳಿ ನಗುತ್ತಿದ್ದಳು ಅಷ್ಟೇ. ಅದು ಹೊರಗಿನವರ ಮುಂದಿನ ನಾಟಕವೆಂದು ತಿಳಿದಿದ್ದಳು.

ನಾಲ್ಕನೆಯ ವರ್ಷಕ್ಕೆ ನನ್ನ ತೂಕ ಕದ್ದು ಏರತೊಡಗಿತು. ಚಕ್ಕುಲಿ, ಚುರುಮುರಿ, ಸ್ವಲ್ಪ ಸ್ವಲ್ಪ, ದಿನವಿಡೀ. ಮೊದಲ ರವಿವಾರ ಬರುವ ಮುಂಚೆ ಶುಕ್ರವಾರದಿಂದಲೇ ಉಪವಾಸ ಹಿಡಿದು ತಕ್ಕಡಿಯ ಮೇಲೆ ನಿಲ್ಲುತ್ತಿದ್ದೆ. ಗುಳಿಗೆಗಳೂ ಹಾಗೆಯೇ. ಮೈ ಹಗುರಾಗಿದೆ, ಸಕ್ಕರೆ ಕಾಯಿಲೆ ಬಿಟ್ಟುಹೋಗಿದೆ, ಇನ್ನೇಕೆ ಎಂದು ಮೊದಲು ಒಂದು ಹೊತ್ತು ಬಿಟ್ಟೆ, ಆಮೇಲೆ ಒಂದು ವಾರ, ಆಮೇಲೆ ಡಬ್ಬಿ ಎಲ್ಲಿದೆ ಎಂಬುದನ್ನೇ ಬಿಟ್ಟೆ. ಮಹಾನಂದಾ ಪ್ರತಿ ಸಲ, "ಗುಳಿಗಿ ತಗೋತೀರಿಲ್ರಿ?" ಎಂದು ಕೇಳಿದಾಗ ಇಬ್ಬರೂ ಒಂದೇ ದನಿಯಲ್ಲಿ, "ಹೌದ್ರಿ ಸಿಸ್ಟರ್" ಎನ್ನುತ್ತಿದ್ದೆವು.

ಆರನೆಯ ವರ್ಷದ ಬೇಸಗೆ. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಚನ್ನಪ್ಪ ನಮ್ಮ ಮನೆಗೆ ಬಂದರು. ಬಸ್ ಸ್ಟ್ಯಾಂಡಿನಿಂದ ನಡೆದೇ ಬಂದಿದ್ದರು. ಬಾಗಿಲು ತೆರೆದ ಸುಮಿತ್ರಾ, "ಅಯ್ಯ, ಇನ್ನೊಂದು ಚಪ್ಪಲ್ ಎಲ್ಲೆ?" ಎಂದಳು. ನೋಡಿದರೆ ಬಲಗಾಲಿನಲ್ಲಿ ಚಪ್ಪಲಿ ಇದೆ, ಎಡಗಾಲು ಬರಿದು. ಚನ್ನಪ್ಪ ಕೆಳಗೆ ನೋಡಿಕೊಂಡು, "ಅರೇ! ಹೊಂಟಾಗ ಎರಡೂ ಇದ್ದೂವಲ್ರಿ" ಎಂದರು. ನಾನು ಬಿದ್ದು ಬಿದ್ದು ನಕ್ಕೆ. ಅವರೂ ನಕ್ಕರು. ಹೊರಗೆ ಹೋಗಿ ಹುಡುಕಿದರೆ ಆ ಚಪ್ಪಲಿ ಎರಡು ಓಣಿ ಆಚೆ, ನಡುರಸ್ತೆಯಲ್ಲಿ ಯಾರಿಗೋ ಕಾಯುತ್ತಿರುವಂತೆ ಬಿದ್ದಿತ್ತು.

ಇಂಥ ಪ್ರಸಂಗ ನನ್ನ ಕೈಗೆ ಸಿಕ್ಕರೆ ಬಿಡುತ್ತೇನೆಯೇ? ಮರುದಿನ ಕೋರ್ಟಿನಲ್ಲಿ ಅಭಿನಯ ಸಹಿತ ಹೇಳಿದೆ. ವಕೀಲರ ಕೋಣೆಯಲ್ಲಿ ಎರಡನೆಯ ಪ್ರಯೋಗ. ಚಹಾದಂಗಡಿಯಲ್ಲಿ ಮೂರನೆಯದು. ಪ್ರತಿ ಪ್ರಯೋಗಕ್ಕೂ ಚಪ್ಪಲಿ ಇನ್ನೊಂದು ಓಣಿ ದೂರ ಹೋಗುತ್ತಿತ್ತು. ಮುಂದಿನ ರವಿವಾರ ಗೋದಾಮಿನಲ್ಲಿ ಮಹಾನಂದಾಳೆದುರು, ಚನ್ನಪ್ಪನವರನ್ನು ಕೂರಿಸಿಕೊಂಡೇ, ಒಂದು ಕಾಲಿಗೆ ಚಪ್ಪಲಿ ಹಾಕಿ ಒಂದು ಬಿಟ್ಟು ಗೋದಾಮಿನ ಈ ತುದಿಯಿಂದ ಆ ತುದಿಗೆ ನಡೆದು ತೋರಿಸಿದೆ.

ಮಹಾನಂದಾ ನಗಲಿಲ್ಲ.

"ಎಷ್ಟ ಹೊತ್ತಿನ್ಯಾಗ ಬಂದಿದ್ರಿ?" ಎಂದು ಚನ್ನಪ್ಪನವರನ್ನು ಕೇಳಿದಳು.

"ಒಂದೂವರಿ ಆಗಿತ್ತ."

"ಆ ಬಿಸಲಾಗ ಡಾಂಬರ ಮ್ಯಾಲೆ ಬರಿಗಾಲಿಲೆ ನಡದ್ರಿ. ಕಾಲ ಸುಡಲಿಲ್ಲ?"

ಚನ್ನಪ್ಪ ಬಗ್ಗಿ ತಮ್ಮ ಎಡಗಾಲನ್ನು ನೋಡಿಕೊಂಡರು. ನಾನು ಒಂದು ಕಾಲಿನಲ್ಲಿ ಚಪ್ಪಲಿ ಹಾಕಿಕೊಂಡು ಗೋದಾಮಿನ ನಡುವೆ ನಿಂತಿದ್ದೆ.

ಆಕೆ ಅವರನ್ನು ನೂಲಿನ ಗಂಟಿನ ಮೇಲೆ ಕೂರಿಸಿ, ಅವರ ಹೆಗಲ ವಸ್ತ್ರದಿಂದಲೇ ಕಣ್ಣು ಕಟ್ಟಿದಳು. ಎಡಗಾಲು ತನ್ನ ಮೊಣಕಾಲ ಮೇಲೆ ಇಟ್ಟುಕೊಂಡಳು. ಅಂಗಾಲಿನಲ್ಲಿ ಒಣಗಿದ ಬೊಕ್ಕೆಗಳಿದ್ದವು. ಕಸಬರಿಗೆಯಿಂದ ಒಂದು ಕಡ್ಡಿ ಮುರಿದು ತಂದು ಹೆಬ್ಬೆರಳಿಗೆ ಒತ್ತಿದಳು, ಅಂಗಾಲಿಗೆ ಒತ್ತಿದಳು, ಹಿಮ್ಮಡಿಗೆ ಒತ್ತಿದಳು.

"ಚುಚ್ಚಿದಾಗ ಹೇಳ್ರಿ" ಎಂದಳು.

"ಹೂಂ. ಚುಚ್ಚರಿ" ಎಂದರು ಚನ್ನಪ್ಪ.

ಪಕ್ಕದಲ್ಲಿ ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ಮಹಾನಂದಾ ನನ್ನ ಕಡೆ ನೋಡಿದಳು. ಇನ್ನೊಮ್ಮೆ ಬಲವಾಗಿ ಒತ್ತಿದಳು. ಕಡ್ಡಿ ಬಾಗಿತು.

"ಚುಚ್ಚರಿ ಅಂದೆನಲ್ಲ" ಎಂದರು ಚನ್ನಪ್ಪ ಮತ್ತೆ, ನಗುತ್ತಲೇ.

ಆಕೆ ಕಣ್ಣಿನ ವಸ್ತ್ರ ಬಿಚ್ಚಿ ಕೇಳಿದಳು: "ಗುಳಿಗಿ ಯಾವಾಗ ಬಿಟ್ರಿ?"

ಚನ್ನಪ್ಪನವರಿಗೆ ಈಗ ಅಭಿನಯ ಉಳಿದಿರಲಿಲ್ಲ. "ಎರಡೂವರಿ ವರ್ಷ ಆತು" ಎಂದರು. "ಅವ್ವ ಕೇಳಿದ್ಲು, ಜೀರಗಿ ನೀರ ಕುಡದ ಇಳದವ್ಗ ಇಷ್ಟ ಗುಳಿಗಿ ಯಾಕ ಅಂತ. ಮನಿಗೆ ಮಂದಿ ಬರ್ತಾರ, ಡಬ್ಬಿ ನೋಡ್ತಾರ. ಏನ ಹೇಳ್ಲಿ? ವರ್ಷದಿಂದ ಪಾದ ಜುಮುಜುಮು ಅಂತಿತ್ತು. ಕುಂತ ಕೆಲಸಾ, ಹಿಡದಿರಬೇಕು ಅಂದಕೊಂಡೆ."

ಮಹಾನಂದಾ ನನ್ನ ಕಡೆ ತಿರುಗಿದಳು. "ನೀವ್ರಿ?"

ಸಾಕ್ಷಿಕಟ್ಟೆಯಲ್ಲಿ ನಿಂತು ತಡವರಿಸುವ ಸಾವಿರ ಜನರನ್ನು ನೋಡಿದ್ದೆ. ಅಲ್ಲಿ ನಿಂತಾಗ ನಾಲಿಗೆ ಎಷ್ಟು ದಪ್ಪ ಆಗುತ್ತದೆಂದು ಆ ದಿನ ತಿಳಿಯಿತು. "ನಾನೂ ಬಿಟ್ಟೀನಿ" ಎಂದೆ. ಬಾಯಿ ತೆರೆದದ್ದೇ ಆಯಿತೆಂದು ಚಕ್ಕುಲಿಯನ್ನೂ, ಶುಕ್ರವಾರದ ಉಪವಾಸವನ್ನೂ ಹೇಳಿಬಿಟ್ಟೆ.

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಊರ ಮಂದಿ ಏನ ಅಂದ್ರೂ ತಡಕೊಂಡೆ" ಎಂದಳು. "ಇಲ್ಲಿ ಬಂದ್ರ ಖರೆ ಮಾತಾಡೋ ಮಂದಿ ಇಬ್ಬರ ಅದಾರ ಅಂತ ತಿಂಗಳ ತಿಂಗಳ ಎರಡ ಬಸ್ ಬದಲಿಸಿ ಬರ್ತಿದ್ದೆ." ಚೀಲ ಎತ್ತಿಕೊಂಡು ಬಾಗಿಲಿಗೆ ಹೋದವಳು ತಿರುಗಿ, "ನಾಳೆ ಮುಂಜಾನೆ ಮೊದಲ ಬಸ್ಸಿಗೆ ಹುಬ್ಬಳ್ಳಿ. ಇಬ್ಬರೂ" ಎಂದಳು.

ಮರುದಿನ ಹುಬ್ಬಳ್ಳಿಯ ತನಕ ಅವಳು ಮುಂದಿನ ಹೆಂಗಸರ ಸೀಟಿನಲ್ಲಿ ಕುಳಿತು ಒಮ್ಮೆಯೂ ಹಿಂದೆ ತಿರುಗಲಿಲ್ಲ. ನಾವಿಬ್ಬರೂ ಹಿಂದೆ, ಹೆಡ್ ಮಾಸ್ತರರ ಕೋಣೆಗೆ ಕರೆಸಿಕೊಂಡ ಹುಡುಗರಂತೆ ಕುಳಿತಿದ್ದೆವು. ಚನ್ನಪ್ಪ ಸೀಟಿನ ಕಂಬಿ ಹಿಡಿದು ಇಳಿಯುವಾಗ ಕಾಲು ಎಲ್ಲಿ ಇಡುತ್ತಿದ್ದೇನೆಂದು ಕಣ್ಣಿನಿಂದ ನೋಡಿ ಇಡುತ್ತಿದ್ದುದನ್ನು ನಾನು ಅಂದೇ ಗಮನಿಸಿದೆ. ಎಷ್ಟು ತಿಂಗಳಿಂದ ಹಾಗೆ ನಡೆಯುತ್ತಿದ್ದರೋ! ಅವರ ಚಪ್ಪಲಿಯ ಕತೆಯನ್ನು ಊರೆಲ್ಲ ಹೇಳಿದವನು ನಾನು; ಅವರ ಕಾಲು ನೋಡಿರಲಿಲ್ಲ.

ಡಾಕ್ಟರು ಮೊದಲು ಚನ್ನಪ್ಪನವರ ರಕ್ತದ ವರದಿ ನೋಡಿದರು. ವಿಟಮಿನ್ ಇಲ್ಲದೆ ನರಗಳು ಉಪವಾಸ ಬಿದ್ದಿವೆ ಎಂದರು. ಇನ್ನಷ್ಟು ತಡ ಮಾಡಿದ್ದರೆ ನಡೆಯುವುದೇ ನಿಲ್ಲುತ್ತಿತ್ತು, ನೆನಪಿಗೂ ಪೆಟ್ಟು ಬೀಳಬಹುದಿತ್ತು. "ಎಷ್ಟು ಮರಳಿ ಬರ್ತದ ಅಂತ ನಾನು ಹೇಳಲಾರೆ. ಸ್ವಲ್ಪ ಬರಬಹುದು. ಪೂರ್ತಿ ಬರದೆಯೂ ಇರಬಹುದು." ನನ್ನ ರಕ್ತವೂ ನೀರಾಗಿತ್ತು, ನನಗೂ ಇಂಜೆಕ್ಷನ್ ಶುರುವಾದವು. ಅಕ್ಕಪಕ್ಕದ ಮಂಚದಲ್ಲಿ ಕವುಚಿ ಮಲಗಿ ಸೂಜಿಗೆ ಕಾಯುತ್ತಿದ್ದಾಗ ಚನ್ನಪ್ಪ ಮೆಲ್ಲಗೆ, "ವಸಂತರಾವ್, ಇದಕ್ಕೂ ಪೂರ್ವಕ್ಕ ಮುಖಾ ಮಾಡಬೇಕೇನ್ರಿ?" ಎಂದರು. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಮೂರು ವಾರ ಬಿಟ್ಟು ನಾನು ಬನಹಟ್ಟಿಗೆ ಹೋದಾಗ ಚನ್ನಪ್ಪ ಕೋಲು ಹಿಡಿದು ಗೋದಾಮಿನಲ್ಲಿ ಕುಳಿತಿದ್ದರು. ಗೌರವ್ವ ಪಕ್ಕದಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ಇಬ್ಬರು ಗಿರಾಕಿಗಳಿದ್ದರು. ಅಷ್ಟರಲ್ಲಿ ರಬಕವಿಯಿಂದ ಒಬ್ಬ ನೇಕಾರ ಹೆಂಗಸು ಬಂದು, "ಅಣ್ಣಾರ, ನಿಮ್ಮ ನೀರಿನ ಮ್ಯಾಲ ಭಾರ ಹಾಕೇನ್ರಿ. ಸಕ್ಕರಿ ಬ್ಯಾನಿ ಗುಳಿಗಿ ಬಿಟ್ಟ ಎಂಟ ದಿನಾ ಆತು. ಕಣ್ಣ ಮಂಜ ಆಗಾಕತ್ತಾವು. ಜೀರಗಿ ಹೆಚ್ಚ ಮಾಡ್ಲೇನ್ರಿ?" ಎಂದು ಕೇಳಿದಳು.

ಚನ್ನಪ್ಪ ಕೋಲೂರಿ ಎದ್ದು ನಿಂತರು. ಗಿರಾಕಿಗಳ ಎದುರಿಗೇ ಜುಬ್ಬಾ ಮೇಲೆತ್ತಿ ಹೊಟ್ಟೆಯ ಮೇಲಿನ ಐದು ಸಣ್ಣ ಗಾಯದ ಗುರುತು ತೋರಿಸಿದರು. "ನೋಡವ್ವಾ, ಇವ ನೋಡು. ನಾ ಇಳದದ್ದು ಆಪರೇಷನ್‌ನಿಂದ. ಜೀರಗಿ ನೀರ ಸುಳ್ಳು. ನಾ ಹೇಳಿದ್ದು ಎಲ್ಲಾ ಸುಳ್ಳು. ಈಗಿಂದೀಗ ದವಾಖಾನಿಗೆ ಹೋಗು, ಗುಳಿಗಿ ತಗೋ. ನಾನೂ ಗುಳಿಗಿ ಬಿಟ್ಟು ಕಾಲ ಕಳಕೊಂಡ ಕುಂತೇನಿ."

ಶೇಂಗಾ ಸುಲಿಯುವ ಸಪ್ಪಳ ನಿಂತಿತು. ಗೌರವ್ವ ಮಗನನ್ನು ಮೇಲಿಂದ ಕೆಳಗೆ ನೋಡಿದರು. "ಹಂಗಾರ," ಎಂದರು, "ಆರು ವರ್ಷ ನನಗ ಆ ದರಿದ್ರ ನೀರ ಯಾಕ ಕುಡಿಸಿದಿ ಲೇ?"

ಮೊದಲು ನಕ್ಕವಳು ರಬಕವಿಯ ಆ ಹೆಂಗಸೇ. ನಾನೇ ಅವಳನ್ನು ಆಟೋದಲ್ಲಿ ಕೂರಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಣ್ಣು ಉಳಿದವು. ಈಗಲೂ ಹಬ್ಬಕ್ಕೆ ಚನ್ನಪ್ಪನವರ ಮನೆಗೆ ಬರುತ್ತಾಳೆ. ಬಂದಾಗಲೆಲ್ಲ ಗೌರವ್ವ ಅವಳಿಗೆ ಚಹಾ ಕೊಡುತ್ತ, "ಜೀರಗಿ ಹಾಕಿಲ್ಲ ಯವ್ವಾ" ಎನ್ನುತ್ತಾರೆ.

ಸೋಮವಾರ ನಾನೂ ಕೋರ್ಟಿನಲ್ಲಿ ಗಂಟಲು ಸರಿಮಾಡಿಕೊಂಡು ಸಿಪಾಯಿಗೆ ನಿಜ ಹೇಳಿದೆ. ಅವನು ಕಡತ ಹೊಂದಿಸುತ್ತಲೇ, "ಗೊತ್ತೈತ್ರಿ ಸಾಹೇಬ್ರ. ನಮ್ಮಪ್ಪಗ ಹರ್ನಿಯಾ ಆಗಿತ್ತು. ಅಂವಾ ಒಂದ ಕಿಲೋ ಇಳಿಲಿಲ್ಲ" ಎಂದ. ಆರು ವರ್ಷ ಇಡೀ ಕೋರ್ಟು ನನ್ನ ಹರ್ನಿಯಾವನ್ನು ದಾಕ್ಷಿಣ್ಯಕ್ಕೆ ನಂಬಿತ್ತು.

ಮಹಾನಂದಾ ಮಾತ್ರ ಬರಲಿಲ್ಲ. ಮೂರು ತಿಂಗಳ ಮೊದಲ ರವಿವಾರ ನಾವಿಬ್ಬರೇ ತಕ್ಕಡಿಯ ಮೇಲೆ ನಿಂತೆವು, ನಿಜವಾದ ತೂಕಕ್ಕೆ. ಫೋನು ಮಾಡಿದರೆ, "ಇಂಜೆಕ್ಷನ್ ತಗೊಂಡ್ರಿ?" ಎಂದು ಕೇಳುತ್ತಿದ್ದಳು, ಹೌದೆಂದ ಮೇಲೆ ಇಡುತ್ತಿದ್ದಳು. ಅವಳ ಕೇಳುವಿಕೆಯಲ್ಲಿ ಈಗ ನಂಬಿಕೆ ಇರಲಿಲ್ಲ. ಅದಕ್ಕಿಂತ ಬೈಗುಳವೇ ಹಗುರ. ನಾಲ್ಕನೆಯ ತಿಂಗಳು ಚನ್ನಪ್ಪ, "ಆಕಿ ಎರಡ ಬಸ್ ಬದಲಿಸಿ ಬರ್ತಿದ್ಲು. ಈಗ ನಾವ ಹೋಗೂಣು" ಎಂದರು. ನಮ್ಮ ರಕ್ತದ ವರದಿಗಳನ್ನು ಲಕೋಟೆಯಲ್ಲಿ ಹಾಕಿಕೊಂಡು, ಕೋಲು ಹಿಡಿದವರನ್ನು ನಾನು ಹಿಡಿದುಕೊಂಡು, ಜಮಖಂಡಿಯಲ್ಲಿ ಒಂದು ಬಸ್ಸು, ಬೀಳಗಿಯಲ್ಲಿ ಇನ್ನೊಂದು ಬಸ್ಸು ಬದಲಿಸಿ ಅವಳಿರುವ ಪುನರ್ವಸತಿಯ ಊರು ಮುಟ್ಟಿದೆವು.

ಬಾಗಿಲು ತೆರೆದವಳು ಮಹಾನಂದಾಳೇ. ಲಕೋಟೆ ತೆಗೆದುಕೊಂಡು ಬಾಗಿಲಲ್ಲೇ ನಿಂತು ಎರಡೂ ವರದಿಗಳನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ, "ಚಹಾ ಕುಡೀತೀರೇನು, ಅರ್ಧಾ ಕಪ್ಪ?" ಎಂದಳು.

ಸಂಜೆ ಮುಂಚೆ ಹಿನ್ನೀರಿನ ಕಡೆಗೆ ಕರೆದುಕೊಂಡು ಹೋದಳು. ಆಲಮಟ್ಟಿ ಅಣೆಕಟ್ಟೆಯ ನೀರು ಕಣ್ಣು ಹರಿಯುವ ತನಕ ನಿಂತಿತ್ತು. ದೂರದಲ್ಲಿ ಒಂದು ಒಣಗಿದ ಮರದ ತುದಿ ತೋರಿಸಿ, "ಅದರ ಬಾಜೂಕ ನಮ್ಮ ಮನಿ ಇತ್ತು" ಎಂದಳು. ದಂಡೆಯ ಕಲ್ಲಿನ ಮೇಲೆ ಮೂವರೂ ಕುಳಿತೆವು. ಒಂದೇ ಕಲ್ಲು, ಮೂವರಿಗೂ ಸಾಕಾಗಿ ಇನ್ನೂ ಮಿಕ್ಕಿತ್ತು. ಮಹಾನಂದಾ ಬಗ್ಗಿ ಚನ್ನಪ್ಪನವರ ಚಪ್ಪಲಿ ಬಿಚ್ಚಿ, ಎರಡೂ ಕಾಲನ್ನು ಹಿಡಿದು ನೀರಿಗೆ ಬಿಟ್ಟಳು.

"ತಿಳೀತೇನ್ರಿ?"

ಚನ್ನಪ್ಪ ಕಣ್ಣು ಮುಚ್ಚಿದರು. ಕಾಲ ಬೆರಳುಗಳನ್ನು ನೀರಿನಲ್ಲಿ ಮೆಲ್ಲಗೆ ಆಡಿಸಿದರು.

"ಬಲಗಾಲಿಗೆ ತಣ್ಣಗ ಹತ್ತಾಕತ್ತೈತಿ" ಎಂದರು. "ಎಡಗಾಲಿಗೆ ಇನ್ನೂ ಸುದ್ದಿ ಮುಟ್ಟಿಲ್ಲ."

ಮಹಾನಂದಾ ನಕ್ಕಳು. ನಾಲ್ಕು ತಿಂಗಳಾಗಿತ್ತು ಆ ನಗು ಕೇಳಿ. "ಮುಟ್ಟತೈತಿ, ಕುಂದರ್ರಿ" ಎಂದಳು. ನಾವು ಕುಳಿತೆವು.